ಕಾಲು ಮುಂದಾಗಿ ಬಂದವನು ನಾನಲ್ಲ

ನಾನು ಕಾಲು ಮುಂದಾಗಿ ಹುಟ್ಟಿದವನಲ್ಲ. ಎಲ್ಲರ ಹಾಗೆ ತಲೆ ಮುಂದೆ ಮಾಡಿಕೊಂಡೇ ಈ ಲೋಕಕ್ಕೆ ಬಂದವನು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ವರ್ಷಾನುಗಟ್ಟಲೆ ಊರವರ ಸೊಂಟದ ಮೇಲೆ, ಬೆನ್ನಿನ ಮೇಲೆ, ಕಡೆಗೆ — ಕಡೆಗೆ ನನ್ನ ಸ್ವಂತ ಅಕ್ಕನ ಮುರಿದ ಕಾಲಿನ ಮೇಲೂ — ನನ್ನ ಬಲಗಾಲನ್ನು ಇಟ್ಟೆ. ಅವಳ ಪಾದ ಸೊಟ್ಟಗಾಯಿತು. ಆ ತಪ್ಪನ್ನು ನನ್ನ ಭಾವ ಹೊತ್ತುಕೊಂಡರು. ಸಾಯುವ ತನಕ ಹೊತ್ತರು. ನಾನು ಹೊರಲು ಬಿಟ್ಟೆ.

ಹೇಳಬೇಕಾದದ್ದು ಇಷ್ಟೇ. ಉಳಿದದ್ದು ಇದು ಹೇಗಾಯಿತು ಎಂಬ ವಿವರ. ವಿವರ ಕೊಟ್ಟರೆ ತಪ್ಪು ಕಡಿಮೆಯಾಗುತ್ತದೆಂಬ ಭ್ರಮೆ ನನಗಿಲ್ಲ.

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಹೆರಿಗೆಯಲ್ಲಿ ಕಾಲು ಮುಂದಾಗಿ ಬಂದ ಮಗುವಿನ ಕಾಲಿಗೆ ಉಳುಕು ಬಿಡಿಸುವ ಗುಣ ಇರುತ್ತದೆಂದು ಒಂದು ನಂಬಿಕೆ. ಸೊಂಟ ಹಿಡಿದುಕೊಂಡವರು ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಂದು ಬೋರಲು ಮಲಗುತ್ತಾರೆ. ಕಾಲು ಮುಂದಾಗಿ ಹುಟ್ಟಿದವನು, ತಾನೂ ಬರಿಹೊಟ್ಟೆಯಲ್ಲಿದ್ದು, ನೋವಿನ ಜಾಗವನ್ನು ಬಲಗಾಲಿನಿಂದ ಮೂರು ಸಲ ಒತ್ತುತ್ತಾನೆ. ಅದಕ್ಕೆ ಒದೆಯುವುದು ಅನ್ನಬಾರದು, ತುಳಿಯುವುದು ಅಂತಲೂ ಅನ್ನಬಾರದು. 'ಕಾಲು ಇಡುವುದು' ಅನ್ನಬೇಕು — ದೇವರಿಗೆ ಹೂವು ಇಟ್ಟ ಹಾಗೆ. ಮುಂದೆ ನಾನು ಬಚ್ಚಿಟ್ಟುಕೊಂಡದ್ದು ಈ ಒಂದು ಮಾತಿನ ಮರೆಯಲ್ಲೇ.

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ನಮ್ಮದು ಪಾತ್ರೆ ಅಂಗಡಿ. ಅಂಗಡಿಯ ಹಿಂದೆ ಒಂದು ಕೋಣೆ, ಕೋಣೆಯಲ್ಲಿ ಒಂದು ಚಾಪೆ. ಚಿಕ್ಕಂದಿನಿಂದಲೂ ನನಗಿಂತ ನನ್ನ ಬಲಗಾಲಿಗೇ ಮರ್ಯಾದೆ ಹೆಚ್ಚು. ಮದುವೆ ಮನೆಗಳಲ್ಲಿ ಹಿರಿಯರು ಮೊದಲು ಅದರ ಕ್ಷೇಮ ಸಮಾಚಾರ ಕೇಳಿ ಆಮೇಲೆ ನನ್ನದನ್ನು ಕೇಳುತ್ತಿದ್ದರು. ನನ್ನ ಹೆಂಡತಿ ಅದಕ್ಕೆ ಹರಳೆಣ್ಣೆ ತೀಡುವಾಗ ಎಡಗಾಲನ್ನು ಮಲಮಗನ ಹಾಗೆ ನೋಡುತ್ತಿದ್ದಳು. ಒಮ್ಮೆ ಒಬ್ಬ ಇನ್‌ಸ್ಪೆಕ್ಟರು, ಊರೆಲ್ಲ ಹೆದರುತ್ತಿದ್ದ ಮನುಷ್ಯ, ಬೆಲ್ಟು ಬಿಚ್ಚಿಟ್ಟು ನನ್ನ ಚಾಪೆಯ ಮೇಲೆ ಬೋರಲಾದರು. ಸರ್ಕಾರವು ಪ್ರಜೆಯ ಕಾಲಡಿ ಹೀಗೆ ಶರಣಾಗುವುದು ನನ್ನ ಅಂಗಡಿಯ ಹಿಂಭಾಗದಲ್ಲಿ ಮಾತ್ರ ಎಂದು ಆ ದಿನವೆಲ್ಲ ಬೀಗಿದೆ. ಕಾಲು ಇಟ್ಟಿದ್ದಕ್ಕೆ ಕಾಸು ಮುಟ್ಟಬಾರದೆಂಬುದು ಕಟ್ಟಳೆ, ನಾನು ಮುಟ್ಟಲಿಲ್ಲ. ಬಂದವರು ಸಂಕೋಚಕ್ಕೆ ಒಂದು ಲೋಟವೋ ಸೌಟೋ ಕೊಂಡು ಹೋದರೆ ಅದು ವ್ಯಾಪಾರ, ಬೇರೆ ವಿಷಯ.

ವಾಸಿಯಾಗುತ್ತಿತ್ತೇ ಎಂದು ಕೇಳಿದರೆ, ಬಹಳ ಮಂದಿಗೆ ವಾಸಿಯಾಗುತ್ತಿತ್ತು. ಶ್ರವಣಬೆಳಗೊಳದ ಕಡೆಯ ಜೈನರೊಬ್ಬರು, ಬಟ್ಟೆ ವ್ಯಾಪಾರದವರು, ಹಿಮ್ಮಡಿ ನೋವೆಂದು ಬಂದಿದ್ದರು. ಬೆಳಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಸ್ವಲ್ಪ ಓಡಾಡಿದರೆ ಕಡಿಮೆ. ಕಾಲು ಇಟ್ಟೆ. ಕೆಲವು ತಿಂಗಳ ಮೇಲೆ ನೋವು ಹೋಯಿತೆಂದು ಬಾಳೆಗೊನೆ ತಂದುಕೊಟ್ಟರು. ಆ ಕೆಲವು ತಿಂಗಳಲ್ಲಿ ಅವರು ಚನ್ನರಾಯಪಟ್ಟಣದ ಡಾಕ್ಟರು ಹೇಳಿದಂತೆ ಮೆತ್ತನೆಯ ಚಪ್ಪಲಿ ಹಾಕಿ, ದಿನಾ ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವ ವ್ಯಾಯಾಮ ಮಾಡಿದ್ದರೆಂಬುದನ್ನು ನಾವಿಬ್ಬರೂ ಮರೆತೆವು. ಸಾಧಾರಣ ಉಳುಕು ಕೆಲವು ವಾರದಲ್ಲಿ ತಾನಾಗಿ ಇಳಿಯುತ್ತದೆ. ಮೈ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತಿತ್ತು, ನನ್ನ ಕಾಲು ಸನ್ಮಾನ ಮಾಡಿಸಿಕೊಳ್ಳುತ್ತಿತ್ತು.

ನನಗೆ ಮೂವತ್ತು ದಾಟಿದ್ದಾಗ, ಒಂದು ಮಧ್ಯಾಹ್ನ ಅವ್ವ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಬೆಳಗ್ಗೆ ಎಷ್ಟು ಜನ ಬಂದಿದ್ದರು ಎಂದು ನಾನು ಜಂಬ ಕೊಚ್ಚುತ್ತಿದ್ದೆ. ಅವ್ವ ಕಾಯಿಯಿಂದ ಕಣ್ಣು ತೆಗೆಯದೆ ಹೇಳಿದಳು:

"ಅದು ನೀನಲ್ಲ ಕಣಪ್ಪ. ಕಾಲು ಮುಂದಾಗಿ ಬಂದಿದ್ದು ಮಂಗಳ. ನೀನು ಸಲೀಸಾಗೇ ಬಂದೆ."

ಮಂಗಳ ಎಂದರೆ ನನ್ನ ಅಕ್ಕ, ಸರ್ವಮಂಗಳ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಮತ್ತೆ ಆ ಗುಣಕ್ಕೆ ನನ್ನ ಹೆಸರು ಹೇಗೆ ಬಂತು ಎಂದು ಕೇಳಿದೆ. ಅವ್ವ ಅದನ್ನೂ ಅವರೆಕಾಳು ಬಿಡಿಸಿದಷ್ಟೇ ಸಲೀಸಾಗಿ ಬಿಡಿಸಿದಳು.

"ಹೆಣ್ಮಗ ಗಂಡಸ್ರು ಬೆನ್ ಮ್ಯಾಲೆ ಕಾಲಿಡದು ಎಲ್ಲಾರ ಉಂಟಾ? ಮನೇಗೆ ಬಂದಿರೋ ಗುಣ ಸುಮ್ಕೆ ಹಾಳಾಗದು ಬ್ಯಾಡ, ಉಡುಗ ಅಂತ ಅನ್ಬುಡಿ ಅಂದ್ಬುಟ್ಲು ನಿಮ್ಮಜ್ಜಿ. ಅಂಗೇ ಆಗೋಯ್ತು."

ಅಂದರೆ ನಮ್ಮ ಅಜ್ಜಿ ಆಸ್ತಿಯ ಹಾಗೆ ಅದನ್ನೂ ಗಂಡುಮಗನ ಹೆಸರಿಗೆ ಬರೆದಿದ್ದಳು. ಅಕ್ಕನಿಗೆ ಗೊತ್ತಿದೆಯೇ ಎಂದೆ. ಅವಳಿಗೇಕೆ, ಅವಳ ಪಾಡಿಗೆ ಅವಳು ಕೊಣನೂರಿನಲ್ಲಿ ಚೆನ್ನಾಗಿದ್ದಾಳೆ ಎಂದಳು ಅವ್ವ. ಇನ್ನು ಯಾರಿಗೂ ಹೇಳಬೇಡವೆಂದು ನಾನೇ ಕೇಳಿಕೊಂಡೆ. ಮಾರನೆಯ ಬೆಳಗ್ಗೆ ಚಾಪೆಯ ಮೇಲೆ ಮಲಗಿದ್ದವನ ಮೇಲೆ ಕಾಲು ಇಡುವಾಗ ಕೊಂಚ ಅಳುಕಿತು. ಅದರ ಮಾರನೆಯ ಬೆಳಗ್ಗೆ ಅಳುಕಲಿಲ್ಲ. ಆ ನಂಬಿಕೆ ನಿಜವಾದರೆ ನಾನು ಕಳ್ಳ, ಸುಳ್ಳಾದರೆ ಮೋಸಗಾರ. ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕಿತ್ತು — ನಾನು ಎರಡೂ ಆದೆ.

ಅವ್ವ ತೀರಿಕೊಂಡ ಮೇಲೆ ಈ ಸತ್ಯಕ್ಕೆ ನಾನೊಬ್ಬನೇ ವಾರಸುದಾರನಾದೆ.

ಅಕ್ಕ ಕೊಣನೂರಿನ ತನ್ನ ಮನೆಯ ಜಗಲಿಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದಳು, ಕಾಲಿನಲ್ಲಿ ತುಳಿಯುವಂಥದ್ದು. ಸುತ್ತಲಿನ ಹೆಂಗಸರ ರವಿಕೆಯೆಲ್ಲ ಅವಳ ಕೈಯಲ್ಲೇ ಆಗಬೇಕು. ಮಿಷನ್ನಿನ ಸದ್ದಿನ ಮೇಲೆ ಅವಳ ಮನಸ್ಸು ಹೇಗಿದೆ ಎಂದು ಭಾವ ಹೇಳಿಬಿಡುತ್ತಿದ್ದರು. ಭಾವ ರುದ್ರಪ್ಪನವರದ್ದು ಹಿಟ್ಟಿನ ಮಿಲ್ಲು. ಹುಬ್ಬಿನ ಮೇಲೆ ಯಾವಾಗಲೂ ರಾಗಿ ಹಿಟ್ಟು ಕೂತಿರುವ, ಹತ್ತು ಮಾತಿಗೆ ಒಂದು ಮಾತಾಡುವ ಮನುಷ್ಯ. ಅಕ್ಕ ಆ ಒಂಬತ್ತನ್ನೂ ತುಂಬಿಕೊಡುತ್ತಿದ್ದಳು.

ಈಗ್ಗೆ ಇಪ್ಪತ್ತು ವರ್ಷದ ಹಿಂದಿನ ಮಾತು. ಕೊಣನೂರಿನಲ್ಲಿ ಸಂತೆಯ ದಿನ. ಅಕ್ಕ ಅರಕಲಗೂಡಿನಿಂದ ಲೈನಿಂಗ್ ಬಟ್ಟೆ, ದಾರ ತೆಗೆದುಕೊಂಡು ಬಸ್ಸಿನಲ್ಲಿ ಬಂದಿದ್ದಾಳೆ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಮೆಟ್ಟಿಲ ಮೇಲೆ ಇರುವಾಗಲೇ ಕಂಡಕ್ಟರು ರೈಟ್ ಅಂದುಬಿಟ್ಟ. ನೆಲಕ್ಕಿಟ್ಟ ಬಲಗಾಲು ಟಾರು ರಸ್ತೆಯ ಅಂಚಿನಲ್ಲಿ ಒಳಕ್ಕೆ ಮಡಚಿಕೊಂಡಿತು. ಸಂತೆಯಾದ್ದರಿಂದ ಆಟೋಗಳೆಲ್ಲ ಮೂಟೆಗಳ ಪಾಲು. ಸುದ್ದಿ ತಿಳಿದ ಭಾವ ಮಿಲ್ಲಿನಿಂದ ಓಡಿಬಂದು, ಹೆಗಲು ಕೊಟ್ಟು, ಅವಳನ್ನು ಮನೆಗೆ ನಡೆಸಿಕೊಂಡು ಹೋದರು. ನಡೆಸಿಕೊಂಡು ಅನ್ನುವುದು ಮಾತಿಗೆ. ಅವಳು ಒಂಟಿಕಾಲಿನಲ್ಲಿ ಕುಪ್ಪಳಿಸಿಕೊಂಡು ಹೋದದ್ದು. ನೊಂದ ಕಾಲು ನೆಲಕ್ಕೆ ತಾಕಿದ್ದೇ ಕಡಿಮೆ.

ಸಂಜೆಯ ಬಸ್ಸಿಗೇ ಹಾಸನಕ್ಕೆ ಹೋಗೋಣ ಎಂದರು ಭಾವ. ಅಕ್ಕ ಒಪ್ಪಲಿಲ್ಲ. ಉಳುಕು ಬಿಡಿಸುವ ತಮ್ಮನನ್ನು ಇಟ್ಟುಕೊಂಡು ಉಳುಕಿಗೆ ಹಾಸನಕ್ಕೆ ಹೋದರೆ ತಮ್ಮನ ಮರ್ಯಾದೆ ಏನಾಗಬೇಕು ಎಂದಳಂತೆ. ನನ್ನ ಮರ್ಯಾದೆ ಉಳಿಸಲಿಕ್ಕೆ ರಾತ್ರಿಯಿಡೀ ನರಳಿದ್ದಾಳೆ. ರಾತ್ರಿಯೇ ಫೋನು ಬಂದಿದ್ದರಿಂದ ನಾನು ಬೆಳಗ್ಗೆ ಮೊದಲ ಬಸ್ಸು ಹಿಡಿದು, ಕಟ್ಟಳೆಯಂತೆ ಕಾಫಿಯನ್ನೂ ಕುಡಿಯದೆ ಹೋದೆ.

ಆ ಕಾಲನ್ನು ನಾನು ನೋಡಿದೆ. ಇದನ್ನು ಒತ್ತಿ ಹೇಳಬೇಕು — ನಾನು ನೋಡಲಿಲ್ಲ, ಗೊತ್ತಾಗಲಿಲ್ಲ ಎನ್ನುವ ದಾರಿ ನನಗಿಲ್ಲ. ಪಾದದ ಗಿಣ್ಣು ನಮ್ಮ ಅಂಗಡಿಯ ಚೊಂಬಿನ ಹಾಗೆ ಊದಿತ್ತು. ಅದರ ಕೆಳಗೆ ಪಾದದ ಅಂಚಿನವರೆಗೂ ನೀಲಿಗಪ್ಪು ಇಳಿದಿತ್ತು. ಎದ್ದು ನಿಲ್ಲು ಎಂದೆ. ಅವಳಿಂದ ಒಂದು ಹೆಜ್ಜೆ ಊರಲಾಗಲಿಲ್ಲ. ಗಿಣ್ಣಿನ ಮೂಳೆಯ ಮೇಲೆ ಬೆರಳು ಇಟ್ಟೆ, ಒತ್ತಲೂ ಇಲ್ಲ, ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಷ್ಟು ವರ್ಷದಲ್ಲಿ ನಾನು ನೋಡಿದ ಉಳುಕುಗಳಲ್ಲಿ ಯಾವುದೂ ಹೀಗಿರಲಿಲ್ಲ. ಇದು ಬೇರೆ ಎಂದು ಗೊತ್ತಾಯಿತು.

ಭಾವ ಬಾಗಿಲಿಗೆ ಒರಗಿ ನಿಂತಿದ್ದರು.

"ಬಣ್ಣ ಯಾಕೋ ಸರಿ ಕಾಣ್ತಿಲ್ಲ ಕಣಯ್ಯ ಮಲ್ಲೇಶ. ಹಾಸ್ನಕ್ಕೆ ಓಗಿ ಒಂದು ಎಕ್ಸ್‌ರೇ ತೆಗೆಸ್ಬುಡಾನ."

ಆಗ ನಾನು ಆಡಿದ ಮಾತು ಇದು. ಒಂದಕ್ಷರ ಕೂಡ ಮರೆತಿಲ್ಲ.

"ಉಳುಕಿಗೆಲ್ಲ ಹಾಸ್ನಕ್ಕೆ ಹೋದ್ರೆ ಆಸ್ಪತ್ರೆಯೋರೇ ನಗ್ತಾರೆ ಭಾವ. ನನ್ನ ಕಾಲಿನ ಮೇಲೆ ನಂಬಿಕೆ ಇಲ್ವಾ ನಿಮಗೆ?"

ಅಕ್ಕ ನೋವಿನಲ್ಲೂ ಗಂಡನನ್ನು ಗೇಲಿ ಮಾಡಿದಳು: ಇವರಿಗೆ ಮಿಲ್ಲಿನ ಬೆಲ್ಟು ಕಿತ್ತು ಹೋದರೂ ಹಾಸನವೇ ಆಗಬೇಕು ಎಂದು. ನಾನು ಕಾಲು ಇಟ್ಟೆ. ಒಂದು ಸಲ. ಎರಡು ಸಲ. ಮೂರನೆಯ ಸಲ ಕೊಂಚ ಬಲವಾಗಿಯೇ — ಯಾಕೆ ಬಲವಾಗಿ? ಭಾವನಿಗೆ ತೋರಿಸಲಿಕ್ಕೆ. ಬೇರೆ ಕಾರಣ ಹುಡುಕಿದರೆ ಸಿಗುವುದಿಲ್ಲ. ಒಳಗೆ ಲಟಕ್ಕೆಂದು ಒಂದು ಸದ್ದಾಯಿತು. ಮೂವರಿಗೂ ಕೇಳಿಸಿತು. ಅಕ್ಕನ ಮುಖ ಬೆಳ್ಳಗಾಯಿತು.

"ಬಿಡ್ತು ನೋಡಕ್ಕ," ಎಂದೆ.

ಅವಳು ಕಣ್ಣಲ್ಲಿ ನೀರಿಟ್ಟುಕೊಂಡು ನಕ್ಕಳು. ನಾನು ಹೇಳಿದ್ದರಿಂದ ಅವಳಿಗೆ ಬಿಟ್ಟಿತು.

ಆಮೇಲೆ ಹುಣಸೆಹಣ್ಣು, ಉಪ್ಪು ಕಾಯಿಸಿದ ಪಟ್ಟು. ಊತ ಅರ್ಧ ಇಳಿಯಿತು, ನೋವು ಇಳಿಯಲಿಲ್ಲ. ಭಾವ ಎರಡು ಮೂರು ಸಲ ಫೋನು ಮಾಡಿದರು. ಉಳುಕು ಹಳೆಯದಾದರೆ ಹೀಗೆಯೇ, ಕಾಯಬೇಕು ಎಂದೆ. ಎರಡು ತಿಂಗಳಾದರೂ ಪಾದ ನೇರ ಊರದೆ ಹೊರಕ್ಕೆ ವಾಲತೊಡಗಿದಾಗ ಭಾವ ಯಾರನ್ನೂ ಕೇಳದೆ ಕಾರು ತರಿಸಿದರು. ಹಾಸನಕ್ಕೆ ನಾನೂ ಹೋದೆ. ಹೋಗದಿದ್ದರೆ ಅನುಮಾನ ಬರುತ್ತದಲ್ಲ.

ಡಾಕ್ಟರು ಫಿಲಮ್ಮನ್ನು ಬೆಳಕಿಗೆ ಹಿಡಿದರು. ಗಿಣ್ಣಿನ ಮೂಳೆ ಮುರಿದಿತ್ತು, ಮುರಿದದ್ದು ಜರುಗಿತ್ತು, ಜರುಗಿದ ಕಡೆಯೇ ಕೂಡಿಕೊಂಡುಬಿಟ್ಟಿತ್ತು. ಆ ವಾರವೇ ಬಂದಿದ್ದರೆ ಪ್ಲಾಸ್ಟರಿನಲ್ಲಿ ಮುಗಿಯಬಹುದಿತ್ತು. ಈಗ ಮತ್ತೆ ಒಡೆದು ಕೂಡಿಸಬೇಕು, ಅದಕ್ಕೂ ಪೂರ್ತಿ ಭರವಸೆ ಕೊಡಲಾಗದು ಎಂದರು. ಆಮೇಲೆ ಮಂಚದ ಮೇಲಿದ್ದ ಅಕ್ಕನ ಕಡೆ ತಿರುಗಿ ಕೇಳಿದರು:

"ಬಿದ್ದ ಮೇಲೆ ಇದನ್ನ ಯಾರಾದ್ರೂ ಎಳೆದ್ರಾ? ತುಳಿದ್ರಾ?"

"ಇಲ್ಲ ಡಾಕ್ಟ್ರೆ. ಯಾರೂ ತುಳೀಲಿಲ್ಲ," ಎಂದಳು ಅಕ್ಕ.

ಅವಳು ಸುಳ್ಳು ಹೇಳಲಿಲ್ಲ. ಅವಳ ಪಾಲಿಗೆ ಯಾರೂ ತುಳಿದಿರಲಿಲ್ಲ. ತಮ್ಮ ಕಾಲು ಇಟ್ಟಿದ್ದ.

ಭಾವ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕಾಯುವಿಕೆ ಇತ್ತು. ನಾನು ಬಾಯಿ ಬಿಡಲಿ ಎಂದು, ಒಬ್ಬ ಮನುಷ್ಯನಿಗೆ ಎಷ್ಟು ಹೊತ್ತು ಕೊಡಬಹುದೋ ಅಷ್ಟು ಹೊತ್ತು ಕೊಟ್ಟರು. ನಾನು ಗೋಡೆಯ ಮೇಲೆ ತೂಗುಹಾಕಿದ್ದ ಮೂಳೆಗಳ ಚಿತ್ರವನ್ನು ಬಹಳ ಶ್ರದ್ಧೆಯಿಂದ ಓದುತ್ತಾ ನಿಂತೆ. ಕಡೆಗೆ ಅವರೇ ಗಂಟಲು ಸರಿಮಾಡಿಕೊಂಡರು.

"ನಾನೇ ಡಾಕ್ಟ್ರೆ. ಆವತ್ತು ಬಸ್‌ಸ್ಟ್ಯಾಂಡಿಂದ ಮನೆಗಂಟ ನಡೆಸ್ಕಂಡು ಬಂದ್ಬುಟ್ಟೆ."

ಅದೂ ತಪ್ಪೇ, ಕಾಲು ಊರಿಸಬಾರದಿತ್ತು ಎಂದರು ಡಾಕ್ಟರು. ಅವರಿಗೆ ಹೇಳಿದ್ದನ್ನು ಅವರು ನಂಬಿದರು. ಅಕ್ಕ ಗಂಡನ ಕಡೆ ತಿರುಗಿ ನೋಡಿದ ನೋಟ — ಅದು ನನಗೆ ಬರಬೇಕಾದದ್ದು. ನಾನು ಪಕ್ಕದಲ್ಲೇ ನಿಂತು ಅದು ಅವರಿಗೆ ಹೋಗುವುದನ್ನು ಕಂಡೆ.

ಆಪರೇಷನ್ನಿಗೆ ಅಕ್ಕ ಹೆದರಿದಳು, ಮಾಡಿಸಲಿಲ್ಲ. ಹೊರಟಾಗ ಅವಳನ್ನು ಕಾರಿನಲ್ಲಿ ಕೂರಿಸಿ, ಭಾವ ಮಾತ್ರೆ ಕೊಳ್ಳುವ ನೆಪದಲ್ಲಿ ನನ್ನನ್ನು ಔಷಧಿ ಅಂಗಡಿಗೆ ಕರೆದುಕೊಂಡು ಹೋದರು. ನಾನು ಕೇಳದಿದ್ದರೂ, ಯಾಕೆ ಹಾಗಂದರೆಂದು ಅವರೇ ಹೇಳಿದರು:

"ಗಂಡನ್ನ ಬಯ್ಕಂಡು ಅವಳು ಬಾಳ್ತಾಳೆ ಕಣಯ್ಯ. ತಮ್ಮನ್ನ ಬಯ್ಕಂಡು ಬಾಳಕಿಲ್ಲ. ಇರ್ಲಿ ಬುಡು."

ಇನ್ನೆಂದೂ ಆ ಮಾತು ಎತ್ತಲಿಲ್ಲ.

ಅಕ್ಕ ಬಯ್ದಳು. ಮನಸಾರೆ ಬಯ್ದಳು. ಹೊಲಿಗೆ ಮಿಷನ್ನು ತುಳಿಯಲಾಗದೆ ಸೊಸೆಗೆ ಬಿಟ್ಟುಕೊಟ್ಟ ದಿನ ಬಯ್ದಳು. ಹೊಸಲು ದಾಟುವಾಗ, ಬಚ್ಚಲಿನಲ್ಲಿ ಕಾಲು ಜಾರಿದಾಗ, ಮಳೆಗಾಲದ ಥಂಡಿಗೆ ಗಿಣ್ಣು ಸೆಳೆದಾಗ ಬಯ್ದಳು. ಬಂದ ನೆಂಟರಿಗೆ ಕಾಫಿ ಕೊಡುವಾಗ, ಇವರು ಆವತ್ತು ನಡೆಸಿಕೊಂಡು ಬಂದ ಪುಣ್ಯ ನೋಡಿ ಎಂದು ಪಾದ ತೋರಿಸುತ್ತಿದ್ದಳು. ಜೊತೆಗೇ ನನ್ನ ಕಡೆ ಕೈ ಮಾಡಿ, ಇವನು ಕಾಲು ಇಟ್ಟಿದ್ದಕ್ಕೆ ಇಷ್ಟಾದರೂ ಓಡಾಡುತ್ತಿದ್ದೇನೆ ಎನ್ನುತ್ತಿದ್ದಳು. ನೆಂಟರು ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ಭಾವ ತಟ್ಟೆಯಲ್ಲಿದ್ದ ಕೋಡುಬಳೆ ಮುರಿಯುತ್ತಾ ಕೂತಿರುತ್ತಿದ್ದರು. ನಾನೂ ಮುರಿಯುತ್ತಿದ್ದೆ. ಅಗಿಯುವವನಿಗೆ ಮಾತಾಡುವ ಜವಾಬ್ದಾರಿ ಇರುವುದಿಲ್ಲ.

ನಾನು ಮಾಡಿದ ಪ್ರಾಯಶ್ಚಿತ್ತವನ್ನೂ ಹೇಳಿಬಿಡುತ್ತೇನೆ, ನಗುವವರು ನಗಲಿ. ಅಲ್ಲಿಂದ ಮುಂದೆ ಸೊಂಟಕ್ಕೆ, ಬೆನ್ನಿಗೆ ಮಾತ್ರ ಕಾಲು ಇಟ್ಟೆ. ಯಾರ ಕಾಲಿಗೂ ಇಡಲಿಲ್ಲ. ಕಾಲಿಗೆ ಕಾಲು ಇಡುವುದು ಶಾಸ್ತ್ರದಲ್ಲಿಲ್ಲ ಎಂದು ಒಂದು ಶಾಸ್ತ್ರವನ್ನೇ ಹುಟ್ಟಿಸಿದೆ. ಪೂರ್ತಿ ನಿಲ್ಲಿಸಿದರೆ ಯಾಕೆಂದು ಕೇಳುತ್ತಾರಲ್ಲ ಎಂಬ ಹೆದರಿಕೆ.

ಭಾವ ಹೋದದ್ದು ಮೂರು ವರ್ಷದ ಹಿಂದೆ. ಹಾಸಿಗೆ ಹಿಡಿದಿದ್ದರು. ಕಡೆಯ ವಾರದಲ್ಲಿ ನಾನು ಅಲ್ಲೇ ಇದ್ದೆ. ಅವರು ನೀರು ಕೇಳಿದರು. ಅಕ್ಕ ಒಳಗಿನಿಂದ ಕಾಲೆಳೆದುಕೊಂಡು ಬರುವಷ್ಟರಲ್ಲಿ ತಡವಾಯಿತು. ಲೋಟ ಹಿಡಿಯುತ್ತಾ ಅಂದಳು: ಬಿರಬಿರನೆ ಬರುವ ಕಾಲನ್ನ ನೀವೇ ಕಳೆದಿರಿ, ಈಗ ಕಾಯಿರಿ. ಸಿಟ್ಟಿನಿಂದಲ್ಲ, ಅಭ್ಯಾಸದಿಂದ, ಸಲಿಗೆಯಿಂದ. ಅವರು ಹೂಂ ಎಂದು ನೀರು ಕುಡಿದರು. ನಾನು ಆಗಲಾದರೂ — ಕೋಣೆಯಲ್ಲಿ ಮೂವರೇ ಇದ್ದೆವು. ಹೇಳಬಹುದಿತ್ತು. ಅವರ ಕಿವಿಗೆ ಬೀಳುವ ಹಾಗೆ ಹೇಳಲು ಅದೇ ಕಡೆಯ ಅವಕಾಶ. ನಾನು ಎದ್ದು ಹೋಗಿ 'ಫ್ಯಾನು ಜೋರಾಯಿತೇನೋ' ಎಂದು ಅದನ್ನು ಕಡಿಮೆ ಮಾಡಿದೆ.

ಹೀಗೇ ನಾನೂ ಹೋಗಿಬಿಡುತ್ತಿದ್ದೆನೇನೋ. ಹೋದ ಬೇಸಿಗೆಯಲ್ಲಿ ಒಂದು ಬೆಳಗ್ಗೆ, ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ ಒಂದು ಆಟೋ ಬಂದು ನಿಂತಿತು. ಅಕ್ಕ ಇಳಿದಳು. ಹಿಂದೆಯೇ ಅವಳ ಮೊಮ್ಮಗಳು ಕಾವ್ಯ. ಹಾಸನದಲ್ಲಿ ಡಿಗ್ರಿ ಓದುವ ಹುಡುಗಿ, ರಜಕ್ಕೆ ಕೊಣನೂರಿಗೆ ಬಂದಿದ್ದವಳು. ಹಿಂದಿನ ಸಂಜೆ ತಾರಸಿ ಮೆಟ್ಟಿಲು ಇಳಿಯುವಾಗ ಫೋನು ನೋಡುತ್ತಾ ಕಾಲು ಮಡಚಿಕೊಂಡಿದ್ದಳು. ಬಲಗಾಲೇ. ನಾನು ಕಾಫಿ ಕುಡಿದುಬಿಡುವ ಮೊದಲೇ ತಲುಪಬೇಕೆಂದು ಅಕ್ಕ ಆ ಮಗುವನ್ನು ಮೊದಲ ಬಸ್ಸಿಗೆ ಹತ್ತಿಸಿಕೊಂಡು ಬಂದಿದ್ದಳು.

ಚಾಪೆಯ ಮೇಲೆ ಕೂರಿಸಿ ನೋಡಿದೆ. ಅದೇ ಊತ, ಅದೇ ನೀಲಿ. ನಾಲ್ಕು ಹೆಜ್ಜೆ ಊರಿ ನಡೆಯಮ್ಮ ಎಂದೆ, ಆಗಲಿಲ್ಲ. ಗಿಣ್ಣಿನ ಮೂಳೆಯನ್ನು ಮೆಲ್ಲಗೆ ಒತ್ತಿದೆ. ತಾತ ಬೇಡ ಎಂದು ನನ್ನ ಕೈ ಹಿಡಿದುಕೊಂಡಳು. ಹಾಸನಕ್ಕೆ ಹೋಗೋಣ, ಕಾರು ಕರೆಸುತ್ತೇನೆ ಎಂದೆ. ಅಕ್ಕನಿಗೆ ಅವಮಾನವಾಯಿತು.

"ಹೊರಗ್ನೋರಿಗೆ ಕಾಲಿಗಿಡಲ್ಲ ಅಂದ್ರೆ ಬುಡು. ಮನೆ ಮಗೀಗೂ ಶಾಸ್ತ್ರ ಯೋಳ್ತೀಯಾ? ನಂಗೆ ಇಟ್ಟಿರ್ನಿಲ್ವಾ ನೀನು? ಇಡು ಕಣ್ಲಾ."

ಆಗುವುದಿಲ್ಲ ಎಂದೆ. ನಿನ್ನ ಕಾಲಿಗೂ ವಯಸ್ಸಾಯಿತೇ, ಇಲ್ಲ ಭಾರಿ ಮನುಷ್ಯನಾಗಿಬಿಟ್ಟೆಯೋ ಎಂದು ಚುಚ್ಚಿದಳು. ಅವಳೇ ಮೊಮ್ಮಗಳ ಕಾಲನ್ನು ಎತ್ತಿ ನನ್ನ ಮುಂದೆ ಸರಿಸಿದಳು. ಇಷ್ಟು ವರ್ಷ ಬಾರದ ಮಾತು ಆಗ ಬಂತು. ಧೈರ್ಯದಿಂದ ಬಂದದ್ದಲ್ಲ, ಆ ಹುಡುಗಿಯ ಪಾದ ನನ್ನ ಕಾಲಿನಿಂದ ಒಂದು ಗೇಣು ದೂರದಲ್ಲಿತ್ತು, ಬೇರೆ ದಾರಿ ಉಳಿದಿರಲಿಲ್ಲ.

"ಅಕ್ಕ, ಕಾಲು ಮುಂದಾಗಿ ಹುಟ್ಟಿದ್ದು ನಾನಲ್ಲ. ನೀನು. ಅವ್ವ ಹೇಳಿದ್ಲು. ನಿನ್ನ ಕಾಲು ಸೊಟ್ಟಗಾಗಿದ್ದು ಭಾವ ನಡೆಸಿದ್ದಕ್ಕಲ್ಲ. ನಾನು ತುಳಿದದ್ದಕ್ಕೆ."

ತುಳಿದದ್ದಕ್ಕೆ ಎಂದೇ ಹೇಳಿದೆ. ಮೊದಲ ಮಾತಿಗೆ ಅವಳು ನಗಲು ಹೊರಟಿದ್ದಳು. ನಗು ಅರ್ಧಕ್ಕೆ ನಿಂತಿತು. ಕಾರು ಬಂದಾಗ ಹತ್ತಲು ಕೈ ಕೊಟ್ಟೆ. ಬಾಗಿಲು ಹಿಡಿದುಕೊಂಡು ತಾನೇ ಹತ್ತಿದಳು.

ಹೊಳೆನರಸೀಪುರ ದಾಟಿ ಬಹಳ ದೂರ ಹೋದ ಮೇಲೆ, ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳು:

"ಅವ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದೆ.

ತನ್ನ ಕಾಲಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಕಾವ್ಯಳ ಮೂಳೆಯಲ್ಲಿ ಸಣ್ಣ ಬಿರುಕಿತ್ತು, ಜರುಗಿರಲಿಲ್ಲ. ಹೊತ್ತಿಗೆ ಸರಿಯಾಗಿ ತಂದಿರಿ, ಪ್ಲಾಸ್ಟರಿನಲ್ಲಿ ಕೂಡಿಕೊಳ್ಳುತ್ತದೆ ಎಂದರು ಡಾಕ್ಟರು. ಇದನ್ನು ಯಾರಾದರೂ ತಿಕ್ಕಿದ್ದರೆ, ತುಳಿದಿದ್ದರೆ ಜರುಗುತ್ತಿತ್ತು ಎಂದೂ ಹೇಳಿದರು. ನಾನು ಅಕ್ಕನ ಕಡೆ ನೋಡಲಿಲ್ಲ.

ಪ್ಲಾಸ್ಟರು ಹಾಕುವಾಗ ನಾವಿಬ್ಬರೂ ಹೊರಗಿನ ಬೆಂಚಿನಲ್ಲಿ ಕೂತಿದ್ದೆವು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಕಾಲಿಗೆ ಬಿದ್ದು ಕ್ಷಮೆ ಕೇಳಬೇಕೆನಿಸಿತು. ಬೀಳುವುದು ಯಾವ ಕಾಲಿಗೆ ಎಂದು ಹೊಳೆದು ಸುಮ್ಮನಾದೆ. ಅವಳೇ ಮಾತಾಡಿದಳು; ದನಿ ಏರಿಸಲಿಲ್ಲ.

"ನಂಗೆ ಸಿಟ್ಟಿಲ್ಲ ಅಂತ ಅನ್ನಕ್ಕೆ ಬರಕಿಲ್ಲ ಕಣೋ. ಅದೆ. ಇರ್ಲಿ, ಅದು ನಂದು. ಆ ದೇವ್ರಂಥೋರ್ನ ನಾನು ಬಯ್ದಿದ್ದು ಕೇಳ್ದೋರೆಲ್ಲ ಇನ್ನೂ ಬದ್ಕವ್ರೆ. ಅವ್ರಿಗೆಲ್ಲ ನೀನೇ ಓಗಿ ಯೋಳು. ಒಬ್ರನ್ನೂ ಬುಡ್ಬ್ಯಾಡ."

ನಾನು ಹೋದೆ. ಕೊಣನೂರಿನಲ್ಲಿ ಮನೆಯಿಂದ ಮನೆಗೆ ಹೋದೆ. ಮೊದಲು ಅಕ್ಕನ ಮಗ, ಸೊಸೆ. ಸೊಸೆ ಅತ್ತೆಯ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದವಳು ಎದ್ದು ಒಳಗೆ ಹೋದಳು. ಮಗ, ನೀರು ಕುಡೀತೀರಾ ಮಾವ ಎಂದ. ಅದಕ್ಕಿಂತ ಬಯ್ದಿದ್ದರೆ ಚೆನ್ನಾಗಿತ್ತು. ಮಿಲ್ಲಿನ ಪಕ್ಕದ ಮನೆಯವರು, ರವಿಕೆ ಹೊಲಿಸುತ್ತಿದ್ದ ಹೆಂಗಸರು, ಹಳ್ಳಿಮೈಸೂರಿನ ನೆಂಟರು. ಕೆಲವರು ನಂಬಲಿಲ್ಲ, ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡರು. ಒಬ್ಬ ಮುದುಕಿ ಎಲ್ಲವನ್ನೂ ಕೇಳಿಸಿಕೊಂಡು, ಹಾಗಾದರೆ ನಿಜವಾದ ಗುಣ ಮಂಗಳಮ್ಮನಿಗೇ ಇರಬೇಕಲ್ಲ ಎಂದು ಸಂತೋಷಪಟ್ಟು, ಮಾರನೆಯ ಬೆಳಗ್ಗೆ ಸೊಂಟ ಹಿಡಿದುಕೊಂಡು ಅಕ್ಕನ ಮನೆಗೇ ಹೋದಳಂತೆ. ಅಕ್ಕ ತನ್ನ ಸೊಟ್ಟ ಪಾದವನ್ನು ಮುಂದೆ ಚಾಚಿ, ಈ ಕಾಲನ್ನಾ ಎಂದು ಕೇಳಿ ಬಾಗಿಲು ಹಾಕಿಕೊಂಡಳಂತೆ. ಇದನ್ನು ನನಗೆ ಹೇಳಿದವರು ನಕ್ಕರು. ನನಗೆ ನಗಲಾಗಲಿಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಈಗ ಸ್ಟೀಲು ಡಬ್ಬಗಳಿವೆ. ಬಂದವರಿಗೆ ನಾನು ಕಾಲು ಮುಂದಾಗಿ ಹುಟ್ಟಿದವನಲ್ಲ ಎಂದೇ ಹೇಳಿ ಕಳಿಸುತ್ತೇನೆ. ಕಾಲು ಊರಲಾಗದಿದ್ದರೆ, ಮೂಳೆಯ ಮೇಲೆಯೇ ನೋವಿದ್ದರೆ, ಆಕಾರ ಬದಲಾಗಿದ್ದರೆ, ಬೆರಳು ತಣ್ಣಗಾಗಿ ಜೋಮು ಹಿಡಿದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ ಎನ್ನುತ್ತೇನೆ. ಮೊನ್ನೆ ದುದ್ದದ ಕಡೆಯ ಸಕ್ಕರೆ ಕಾಯಿಲೆಯವರೊಬ್ಬರು ಬಂದಿದ್ದರು, ಪಾದವೆಲ್ಲ ಮರಗಟ್ಟಿದ ಹಾಗಿದೆ ಎಂದು. ಅಂಗಾಲು ತೋರಿಸಿ ಎಂದೆ. ಗಾಯವಿತ್ತು, ನೋವಿಲ್ಲದ್ದರಿಂದ ಅವರಿಗೆ ಗೊತ್ತೇ ಇರಲಿಲ್ಲ. ನೋವಿಲ್ಲದ್ದೇ ಅಪಾಯ ಎಂದು ಹೇಳಿ ಮಗನ ಬೈಕಿನಲ್ಲಿ ಆಗಲೇ ಡಾಕ್ಟರ ಹತ್ತಿರ ಕಳಿಸಿದೆ. ಇದನ್ನು ಪುಣ್ಯದ ಲೆಕ್ಕಕ್ಕೆ ಬರೆದುಕೊಳ್ಳುತ್ತಿಲ್ಲ. ಅಕ್ಕನ ಕಾಲಿನ ವಿಷಯದಲ್ಲಿ ಇದು ಯಾವುದನ್ನೂ ನೇರ ಮಾಡುವುದಿಲ್ಲ.

ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಹೋಗಿದ್ದೆ. ತೆಗೆದುಕೊಂಡಳು. ಇನ್ನೂ ಯಾರು ಉಳಿದಿದ್ದಾರೆ ಎಂದು ಮಾತ್ರ ಕೇಳಿದಳು.

ಉಳಿದಿದ್ದಾರೆ. ಊರು ಬಿಟ್ಟು ಹೋದವರು, ಎಲ್ಲಿದ್ದಾರೆಂದು ನನಗೆ ಗೊತ್ತಾಗದವರು; ಎಂದೋ ಒಮ್ಮೆ ಆ ಮನೆಗೆ ಬಂದು ಕಾಫಿ ಕುಡಿದು, ಅಕ್ಕನ ಪಾದ ನೋಡಿ, ಗಂಡನೇ ಹೀಗೆ ಮಾಡಿದನಂತೆ ಎಂದುಕೊಂಡು ಹೋದವರು. ಅವರಲ್ಲಿ ಯಾರಾದರೂ ಇದನ್ನು ಓದಬಹುದೆಂದು ಬರೆದೆ. ನೀವು ಅವರಾಗಿದ್ದರೆ — ಕೊಣನೂರಿನ ಮಿಲ್ಲಿನ ರುದ್ರಪ್ಪನವರದ್ದು ಏನೂ ತಪ್ಪಿರಲಿಲ್ಲ. ಅವರು ಹಾಸನಕ್ಕೆ ಹೋಗೋಣ ಎಂದಿದ್ದರು. ಬೇಡ ಎಂದವನು ನಾನು.